"ಸಲಾಡ್ ಡೇಸ್" ಅಂದ್ರೆ ಸರಿಯಾಗಿ ಏನರ್ಥ? ಹಿರಿಯರ ಬಗ್ಗೆ ಬರೆಯೋವಾಗ ಬಳಸಬಹುದಾ?

ತುಮಕೂರು ಟೀಚರ್

ಎಲ್ರಿಗೂ ನಮಸ್ಕಾರ. ಒಂದು ಇಂಗ್ಲಿಷ್ ನುಡಿಗಟ್ಟಿನ ಬಗ್ಗೆ ಕೇಳಬೇಕಿತ್ತು, ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ. ನಾನು ಹಳ್ಳಿ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಟೀಚರು. ನಮ್ಮ ಹೆಡ್‌ಮಾಸ್ಟರು ಈ ತಿಂಗಳ ಕೊನೆಗೆ ರಿಟೈರ್ ಆಗ್ತಿದಾರೆ, ಬೀಳ್ಕೊಡುಗೆ ದಿನ ಓದಿ ಕೊಡೋಕೆ ಮಾನಪತ್ರ ರೆಡಿ ಮಾಡ್ತಿದೀವಿ. ಕನ್ನಡದ್ದು ಆಗಲೇ ಮುಗಿದಿದೆ. ಆದ್ರೆ ಅವರ ಮೊಮ್ಮಕ್ಕಳು ಬೆಳೀತಿರೋದು ಅಮೆರಿಕದಲ್ಲಿ, ಕನ್ನಡ ಮಾತಾಡ್ತಾರೆ ಆದ್ರೆ ಓದೋಕೆ ಬರಲ್ಲ, ಅಜ್ಜ ಇಲ್ಲಿ ಏನೇನು ಮಾಡಿದಾರೆ ಅಂತ ಆ ಮಕ್ಕಳಿಗೂ ಗೊತ್ತಾಗ್ಲಿ, ಇಂಗ್ಲಿಷಲ್ಲೂ ಒಂದು ಬರೀರಿ ಅಂತ ಎಲ್ರೂ ಅಂದ್ರು. ಇಂಗ್ಲಿಷ್ ಟೀಚರು ಡೆಪ್ಯುಟೇಷನ್ ಮೇಲೆ ಬೇರೆ ಶಾಲೆಗೆ ಹೋಗಿರೋದ್ರಿಂದ ಆ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ಸಹೋದ್ಯೋಗಿ ಒಬ್ರು ಒಂದು ಸಾಲು ಬರೆದುಕೊಟ್ಟಿದಾರೆ: "ಹೀ ಸ್ಪೆಂಟ್ ಹಿಸ್ ಸಲಾಡ್ ಡೇಸ್ ಇನ್ ದಿಸ್ ಸ್ಕೂಲ್" ಅಂತ. ಓದೋಕೆ ಚೆನ್ನಾಗೇ ಇದೆ. ಸರ್ ಈ ಶಾಲೆಗೆ ಮೊದಲ ಪೋಸ್ಟಿಂಗ್ ಮೇಲೆ ಬಂದಾಗ ಇನ್ನೂ ಮದುವೆನೂ ಆಗಿರ್ಲಿಲ್ವಂತೆ, ಆಮೇಲೆ ಬೇರೆ ಕಡೆ ಹೋಗಿ ಕೊನೆಗೆ ಹೆಡ್‌ಮಾಸ್ಟರಾಗಿ ಇಲ್ಲಿಗೇ ಬಂದ್ರು, ಆ ಮೊದಲ ವರ್ಷಗಳ ಬಗ್ಗೆನೇ ಈ ಸಾಲು. ಆದ್ರೂ ಅರ್ಥ ಖಾತ್ರಿ ಮಾಡ್ಕೊಳೋಣ ಅಂತ ಹುಡುಕಿದೆ. ನನ್ನ ತಮ್ಮ ಬ್ಯಾಂಕ್ ಎಕ್ಸಾಂಗೆ ಓದ್ತಿದಾನೆ, ಅವನ ಒಂದು ಗೈಡಲ್ಲಿ "ಯೌವನದ ದಿನಗಳು" ಅಂತಿದೆ, ಇನ್ನೊಂದರಲ್ಲಿ "ಸುಖ ಸಂತೋಷದ ದಿನಗಳು" ಅಂತಿದೆ, ಮೊಬೈಲ್ ಡಿಕ್ಷನರಿಲಿ ನೋಡಿದ್ರೆ "ಅನುಭವವಿಲ್ಲದ ಕಾಲ" ಅಂತ ಬರುತ್ತೆ. ಮೂರಕ್ಕೂ ತುಂಬಾ ವ್ಯತ್ಯಾಸ ಇದೆಯಲ್ವಾ. ಮೂರನೇದೇ ನಿಜ ಆದ್ರೆ ನಾವು ತುಂಬಿದ ಸಭೇಲಿ ಸರ್‌ಗೆ ನೀವು ಇಲ್ಲಿ ಬಂದಾಗ ಏನೂ ಗೊತ್ತಿರ್ಲಿಲ್ಲ ಅಂತ ಹೇಳಿದಂಗಾಗುತ್ತಾ? ಅವ್ರು ಬಿ.ಎ.ಲಿ ಇಂಗ್ಲಿಷ್ ಮೇಜರ್ ಓದಿದವರು, ಥಟ್ಟಂತ ಹಿಡೀತಾರೆ. ಅವರ ಮೇಲೆ ನಮಗೆಲ್ಲ ತುಂಬಾ ಗೌರವ ಇದೆ, ಒಂದು ಪದದಿಂದ ಅವ್ರ ಮನಸ್ಸಿಗೆ ಮುಜುಗರ ಆಗಬಾರದು.

ಎಕ್ಸಾಂ ಮಿತ್ರ

ಮೇಡಂ ಸಲಾಡ್ ಡೇಸ್ ಅಂದ್ರೆ ಯೂತ್, ಅಷ್ಟೇ. ಕಾಂಪಿಟೇಟಿವ್ ಎಕ್ಸಾಂಗಳಲ್ಲಿ ನಾಲ್ಕು ಆಪ್ಷನ್ ಕೊಟ್ಟಿರ್ತಾರೆ, ಯೂತ್‌ಫುಲ್ ಡೇಸ್ ಅಂತ ಇರೋದಕ್ಕೆ ಟಿಕ್ ಹಾಕಿದ್ರೆ ಮಾರ್ಕ್ಸ್ ಬರುತ್ತೆ. ಧೈರ್ಯವಾಗಿ ಹಾಕಿ.

ಶಿವಮೊಗ್ಗದ ಮೇಷ್ಟ್ರು

ಟೀಚರ್ ಅವರೇ, ಒಳ್ಳೇ ಪ್ರಶ್ನೆ ಕೇಳಿದೀರಿ, ಕೇಳಿ ಬರೆಯೋ ನಿಮ್ಮ ಎಚ್ಚರನೂ ಇಷ್ಟ ಆಯ್ತು. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು, ಸ್ವಲ್ಪ ಉದ್ದ ಬರೀತೀನಿ, ಸಾವಕಾಶ ಓದಿ.

ಎಕ್ಸಾಂ ಮಿತ್ರ ಹೇಳಿದ್ದು ಪರೀಕ್ಷೆ ಮಟ್ಟಿಗೆ ಸರಿ. ಆದ್ರೆ ಈ ನುಡಿಗಟ್ಟು ಹುಟ್ಟಿದ ಜಾಗ ನೋಡಿದ್ರೆ ಬರೀ ಯೌವನ ಅನ್ನೋದು ಅರ್ಧ ಅರ್ಥ ಅನ್ನೋದು ಗೊತ್ತಾಗುತ್ತೆ. ಇದು ಬಂದಿರೋದು ಶೇಕ್ಸ್‌ಪಿಯರನ "ಆಂಟನಿ ಅಂಡ್ ಕ್ಲಿಯೋಪಾತ್ರ" ನಾಟಕದಿಂದ. ಅವನು ಅದನ್ನ ಸುಮಾರು 1606-07ರಲ್ಲಿ ಬರೆದ, ಅಚ್ಚಾಗಿದ್ದು ಅವನು ತೀರಿಹೋದ ಮೇಲೆ, 1623ರಲ್ಲಿ. ಮೊದಲನೇ ಅಂಕದ ಕೊನೇ ದೃಶ್ಯ. ಆಂಟನಿ ರೋಮಿಗೆ ಹೋಗಿದಾನೆ, ಈಜಿಪ್ಟಿನಲ್ಲಿ ಕ್ಲಿಯೋಪಾತ್ರ ಅವನ ದಾರಿ ಕಾಯ್ತಾ ಒಂದು ಗಳಿಗೆ ಕೂತಲ್ಲಿ ಕೂರದೆ ಚಡಪಡಿಸ್ತಿದಾಳೆ, ಮೇಲಿಂದ ಮೇಲೆ ದೂತರನ್ನ ಅಟ್ಟೋ ಸ್ಥಿತಿ. ಆಗ ಸಖಿ ಚಾರ್ಮಿಯನ್‌ನ ಕೇಳ್ತಾಳೆ, ನಾನು ಯಾವತ್ತಾದ್ರೂ ಸೀಸರನನ್ನ ಹಿಂಗೆ ಪ್ರೀತಿಸಿದ್ನಾ ಅಂತ. ಅಂದ್ರೆ ಜೂಲಿಯಸ್ ಸೀಸರ್, ಆಂಟನಿಗಿಂತ ಮುಂಚೆ ಅವಳು ಒಲಿದಿದ್ದವನು. ಆ ಸಖಿ ಚೂಟಿ, ಅಯ್ಯೋ ಆ ಸೀಸರ್ ಎಂಥ ಶೂರ ಅಂತ ಬೇಕಂತಲೇ ಹೊಗಳ್ತಾಳೆ. ಕ್ಲಿಯೋಪಾತ್ರಗೆ ರೇಗುತ್ತೆ, ನನ್ನ ಆಂಟನಿನ ಇನ್ನೊಂದು ಸಲ ಅವನಿಗೆ ಹೋಲಿಸಿದ್ರೆ ಹಲ್ಲಲ್ಲಿ ರಕ್ತ ಬರಿಸ್ತೀನಿ ಅಂತಾಳೆ. ಚಾರ್ಮಿಯನ್ ಸುಮ್ಮನಾಗಲ್ಲ, ತಪ್ಪಾಯ್ತು ತಾಯಿ, ಆದ್ರೆ ನೀವು ಅವತ್ತು ಹಾಡಿದ ಹಾಡನ್ನೇ ತಾನೇ ನಾನು ಹಾಡಿದ್ದು ಅಂತಾಳೆ. ಅದಕ್ಕೆ ಕ್ಲಿಯೋಪಾತ್ರ ಕೊಡೋ ಉತ್ತರನೇ ಈ ಸಾಲು: "ಮೈ ಸಲಾಡ್ ಡೇಸ್, ವೆನ್ ಐ ವಾಸ್ ಗ್ರೀನ್ ಇನ್ ಜಡ್ಜ್‌ಮೆಂಟ್, ಕೋಲ್ಡ್ ಇನ್ ಬ್ಲಡ್". ಅವು ನನ್ನ ಎಳೇ ದಿನಗಳು ಕಣೇ, ಆಗ ನನಗೆ ಯಾವುದು ಏನು ಅಂತ ತೂಗಿ ನೋಡೋ ಬುದ್ಧಿ ಬಲಿತಿರ್ಲಿಲ್ಲ, ಮೈಯಲ್ಲಿ ಬಿಸಿನೂ ಇರ್ಲಿಲ್ಲ, ಆವಾಗಿನ ಮಾತನ್ನ ಈಗ ತಂದು ಹೇಳ್ತೀಯಾ ಅಂತ.

ಇಲ್ಲಿ ಗಮನಿಸಬೇಕಾದ್ದು, ಅವಳು ಆ ದಿನಗಳನ್ನ ಹೊಗಳ್ತಾ ಇಲ್ಲ. ಆಗ ಆಡಿದ ಮಾತನ್ನ ವಾಪಸ್ ತಗೋತಿದಾಳೆ. ಸಲಾಡ್ ಅಂದ್ರೆ ಆ ಕಾಲದ ಇಂಗ್ಲೆಂಡಲ್ಲಿ ಮುಖ್ಯವಾಗಿ ಹಸಿ ಸೊಪ್ಪು, ಎಣ್ಣೆ ವಿನೆಗರ್ ಉಪ್ಪು ಹಾಕಿ ಕಲಸಿ ತಿನ್ನೋದು. ಪದದ ಮೂಲನೇ ಲ್ಯಾಟಿನ್ನಿನ ಉಪ್ಪು, ಸಾಲ್ ಅಂತ. ಹಸಿರು, ಬೆಂಕಿ ಕಾಣದ್ದು, ತಣ್ಣಗಿರೋದು, ಈ ಮೂರೂ ಸೇರ್ಕೊಂಡು ಆ ಎರಡು ಪದ ಆಗಿದೆ. ಆಗಿನ ವೈದ್ಯರ ಲೆಕ್ಕದಲ್ಲೂ ಲೆಟ್ಯೂಸ್ ತರದ ಸೊಪ್ಪು ದೇಹಕ್ಕೆ ಶೀತ. ಹಂಗಾಗಿ ಸಲಾಡ್ ಅಂದ ಕೂಡ್ಲೇ ಗ್ರೀನ್, ಕೋಲ್ಡ್ ಎರಡೂ ಮಾತು ತಾವಾಗೇ ಹಿಂದೆ ಬರ್ತವೆ.

ಇತಿಹಾಸದ ಲೆಕ್ಕನೂ ನೋಡಿ, ನೀವು ಸಮಾಜ ವಿಜ್ಞಾನದವರು ಆದ್ರಿಂದ ಹೇಳ್ತೀನಿ. ಕ್ಲಿಯೋಪಾತ್ರ ಹುಟ್ಟಿದ್ದು ಕ್ರಿ.ಪೂ. 69ರಲ್ಲಿ. ಸೀಸರ್ ಅಲೆಕ್ಸಾಂಡ್ರಿಯಾಗೆ ಬಂದಿದ್ದು ಕ್ರಿ.ಪೂ. 48ರಲ್ಲಿ, ಆಗ ಅವಳಿಗೆ ಇಪ್ಪತ್ತೊಂದರ ಆಸುಪಾಸು. ಆಂಟನಿನ ಟಾರ್ಸಸ್ ಊರಲ್ಲಿ ಭೇಟಿ ಮಾಡಿದ್ದು ಕ್ರಿ.ಪೂ. 41ರಲ್ಲಿ, ಇಪ್ಪತ್ತೆಂಟಾಗಿತ್ತು. ಶೇಕ್ಸ್‌ಪಿಯರ್ ಈ ನಾಟಕಕ್ಕೆ ಕಥೆ ತಗೊಂಡಿದ್ದು ಪ್ಲುಟಾರ್ಕ್ ಬರೆದ ಜೀವನಚರಿತ್ರೆಯಿಂದ, ಅದನ್ನ ಥಾಮಸ್ ನಾರ್ತ್ ಅನ್ನೋರು 1579ರಲ್ಲಿ ಇಂಗ್ಲಿಷಿಗೆ ತಂದಿದ್ರು. ಅದರಲ್ಲಿ ಒಂದು ಮಾತು ಬರುತ್ತೆ, ಸೀಸರನಿಗೆ ಅವಳು ಪರಿಚಯ ಆದಾಗ ಇನ್ನೂ ಚಿಕ್ಕವಳು, ಲೋಕ ಅಂದ್ರೇನು ಅಂತ ಗೊತ್ತಿರ್ಲಿಲ್ಲ, ಆಂಟನಿ ಹತ್ರ ಹೋಗೋವಾಗ ರೂಪನೂ ತುಂಬಿ ಬಂದಿತ್ತು, ವಿವೇಚನೆನೂ ಮಾಗಿತ್ತು ಅಂತ. ಆ ಜಡ್ಜ್‌ಮೆಂಟ್ ಅನ್ನೋ ಪದನೇ ನಾರ್ತ್ ಅನುವಾದದಲ್ಲೂ ಇದೆ. ಒಣ ಚರಿತ್ರೆಯ ಒಂದು ವಾಕ್ಯನ ಎತ್ಕೊಂಡು ಶೇಕ್ಸ್‌ಪಿಯರ್ ಒಬ್ಬ ಹೆಣ್ಣುಮಗಳ ಬಾಯಲ್ಲಿ ಜಗಳದ ಮಾತಾಗಿ ಇಟ್ಟ, ಸಲಾಡ್ ಅನ್ನೋದು ಅವನು ಸೇರಿಸಿದ್ದು. ನನಗೆ ಇದು ಎಷ್ಟು ಸಲ ಪಾಠ ಮಾಡಿದ್ರೂ ಬೇಜಾರಾಗದ ಜಾಗ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಮೂರನೇ ಅರ್ಥನೇ ಮೂಲದ್ದು. ಯೌವನ ಹೌದು, ಆದ್ರೆ ಬುದ್ಧಿ ಇನ್ನೂ ಎಳಸಾಗಿದ್ದ ಯೌವನ. ಇದನ್ನ ಮನುಷ್ಯ ತನ್ನ ಬಗ್ಗೆ ತಾನೇ ಹೇಳ್ಕೊಳ್ಳೋದು ಚೆಂದ, ವಯಸ್ಸಾದ ಮೇಲೆ ಹಿಂದಕ್ಕೆ ತಿರುಗಿ ನೋಡ್ತಾ. ಕಿರಿಯರು ಹಿರಿಯರ ಬಗ್ಗೆ, ಅದೂ ಮಾನಪತ್ರದಲ್ಲಿ ಬರೆಯೋದು ಬೇಡ ಅಂತ ನನ್ನ ಸ್ಪಷ್ಟ ಅಭಿಪ್ರಾಯ.

ಗದಗಿನ ಗೆಳೆಯ

ಮೇಷ್ಟ್ರ, ಭಾಳ ಚಲೋ ಹೇಳಿದ್ರಿ, ಕಣ್ಣ ಮುಂದ ನಾಟಕ ನಡದಂಗ ಆತು. ಒಂದ ಮಾತು ಮಾತ್ರ ನನಗ ತಿಳೀಲಿಲ್ಲರಿ. ನಮ್ಮ ಕಡೆ ಹರೇದ ಹುಡುಗ್ರಿಗೆ ಬಿಸಿ ರಕ್ತ ಅಂತೀವಿ, ಎಲ್ಲಾ ಕಡೆನೂ ಹಂಗ ಅಂತಾರ. ಬಿಸಿ ರಕ್ತದಾಗ ಏನರ ಮಾಡಿಬಿಟ್ಟ, ಸಣ್ಣಾಂವ ಅದಾನ, ಬಿಡ್ರಿ ಅಂತ ಪಂಚಾಯ್ತಿ ಕಟ್ಟಿ ಮ್ಯಾಲೆ ಹಿರೇರು ಅನ್ನೋದು ಕೇಳೇವಿ. ಈಕಿ ನೋಡಿದ್ರ ಹರೇದಾಗ ನನ್ನ ರಕ್ತ ತಣ್ಣಗಿತ್ತು ಅಂತಾಳ. ಉಲ್ಟಾ ಆತಲ್ಲರಿ ಇದು? ಇಂಗ್ಲಿಷರಿಗೆ ಹರೇ ಅಂದ್ರ ತಂಪೋ ಏನು?

ಇನ್ನೊಂದು, ಸಲಾಡ್ ಡೇಸ್ ಅಂದ್ರ ಹುಡುಗ್ರು ಪೋಲಿ ತಿರಗೋ ದಿನಾ ಅಂತ ನನಗ ಒಬ್ರು ಹೇಳಿದ್ರು. ಅದು ಖರೇನ?

ಶಿವಮೊಗ್ಗದ ಮೇಷ್ಟ್ರು

ಗದಗಿನವರೇ, ಸರಿಯಾದ ಜಾಗದಲ್ಲೇ ಬೆರಳಿಟ್ರಿ. ಇಂಗ್ಲಿಷರಿಗೂ ಯೌವನ ಅಂದ್ರೆ ಬಿಸಿ ರಕ್ತವೇ. ಶೇಕ್ಸ್‌ಪಿಯರನೇ ಹ್ಯಾಮ್ಲೆಟ್ ನಾಟಕದಲ್ಲಿ ಮಗನ ಬಾಯಲ್ಲಿ ತಾಯಿಗೆ ಹೇಳಿಸ್ತಾನೆ, ನಿನ್ನ ವಯಸ್ಸಿಗೆ ರಕ್ತದ ಆ ಅಬ್ಬರ ಇಳಿದಿರುತ್ತೆ ಅಂತ. ಆ ಅಬ್ಬರಕ್ಕೆ ಅಲ್ಲಿ ಹೇಡೇ ಅನ್ನೋ ಪದ ಬಳಸಿದಾನೆ. ಹಂಗಾಗಿ ಕ್ಲಿಯೋಪಾತ್ರ ಹೇಳ್ತಿರೋದು ವಾಡಿಕೆಗೆ ಎದುರಾದ ಮಾತು, ಬೇಕಂತಲೇ ಹೇಳ್ತಿರೋದು. ಸೀಸರನ ಕಾಲದಲ್ಲಿ ನನಗೆ ವಯಸ್ಸಿತ್ತು ಆದ್ರೆ ಉರಿ ಇರ್ಲಿಲ್ಲ, ಪ್ರೀತಿ ಅಂದ್ರೇನು ಅಂತ ಗೊತ್ತಾಗಿದ್ದು ಈಗ, ಈ ಆಂಟನಿ ಬಂದ ಮೇಲೆ ಅಂತ. ಪ್ರಾಯ ಬಂದ ತಕ್ಷಣ ಪ್ರೀತಿ ಬಂದುಬಿಡಲ್ಲ, ಅದಕ್ಕೂ ಬುದ್ಧಿ ಬಲೀಬೇಕು ಅನ್ನೋದು ಅವಳ ವಾದ. ಆದ್ರೆ ಇವತ್ತು ಸಲಾಡ್ ಡೇಸ್ ಅನ್ನೋರು ಆ ತಣ್ಣನೆ ರಕ್ತದ ಭಾಗನ ಪೂರ್ತಿ ಬಿಟ್ಟಿದಾರೆ, ಗ್ರೀನ್ ಇನ್ ಜಡ್ಜ್‌ಮೆಂಟ್ ಅನ್ನೋದಷ್ಟೇ ಉಳಿದಿದೆ.

ಪೋಲಿತನಕ್ಕೆ ಬೇರೆ ನುಡಿಗಟ್ಟಿದೆ. ಸೋಯಿಂಗ್ ವೈಲ್ಡ್ ಓಟ್ಸ್ ಅಂತಾರೆ. ವೈಲ್ಡ್ ಓಟ್ಸ್ ಅಂದ್ರೆ ಹೊಲದಲ್ಲಿ ಬೆಳೆ ಜೊತೆ ಎದ್ದು ರೈತರ ಜೀವ ತಿನ್ನೋ ಕಳೆ, ಒಳ್ಳೇ ಬೀಜ ಬಿತ್ತೋ ವಯಸ್ಸಲ್ಲಿ ಅದನ್ನ ಬಿತ್ಕೊಂಡು ಓಡಾಡಿದ ಅಂತ ಅರ್ಥ. ಅದರಲ್ಲಿ ನಡತೆ ಕೆಟ್ಟಿದ್ದರ ಸೂಚನೆ ಇದೆ. ಸಲಾಡ್ ಡೇಸಲ್ಲಿ ನಡತೆ ಬಗ್ಗೆ ಏನೂ ಇಲ್ಲ, ತುಂಬಾ ಶಿಸ್ತಿನ ಹುಡುಗನಿಗೂ ಸಲಾಡ್ ಡೇಸ್ ಇರುತ್ತೆ.

ಮ್ಯಾಂಚೆಸ್ಟರ್ ಕನ್ನಡಿಗ

ಮೇಷ್ಟ್ರೇ ನಮಸ್ಕಾರ. ನೀವು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಯಾಕಂದ್ರೆ ಈ ನುಡಿಗಟ್ಟನ್ನ ಇಷ್ಟು ಗಂಭೀರವಾಗಿ ಬಳಸಿದ್ದು ನಾನು ಬೇರೆಲ್ಲೂ ಕಂಡಿಲ್ಲ. ರಾಣಿ ಎರಡನೇ ಎಲಿಜಬೆತ್ ಪಟ್ಟಕ್ಕೆ ಬಂದು 25 ವರ್ಷ ಆದಾಗ, 1977ರಲ್ಲಿ, ಲಂಡನ್ನಿನ ಗಿಲ್ಡ್‌ಹಾಲಲ್ಲಿ ಒಂದು ಭಾಷಣ ಮಾಡಿದ್ರು. ಅದಕ್ಕೂ 30 ವರ್ಷ ಮುಂಚೆ, 1947ರ ಏಪ್ರಿಲ್ 21ಕ್ಕೆ ಅವರಿಗೆ 21 ತುಂಬಿತ್ತು, ಆಗ ಇನ್ನೂ ರಾಜಕುಮಾರಿ, ಅಪ್ಪ ಅಮ್ಮನ ಜೊತೆ ದಕ್ಷಿಣ ಆಫ್ರಿಕಾ ಪ್ರವಾಸದಲ್ಲಿದ್ರು. ಕೇಪ್ ಟೌನಿಂದ ರೇಡಿಯೋದಲ್ಲಿ ಮಾತಾಡಿ, ನನ್ನ ಆಯುಷ್ಯ ಎಷ್ಟೇ ಇರ್ಲಿ ಪೂರ್ತಿ ನಿಮ್ಮ ಸೇವೆಗೆ ಅಂತ ಮಾತು ಕೊಟ್ಟಿದ್ರು. 1977ರಲ್ಲಿ ಅದನ್ನ ನೆನಪು ಮಾಡ್ಕೊಂಡು ಹೇಳಿದ್ದು ಏನಂದ್ರೆ, ಆ ಪ್ರತಿಜ್ಞೆ ಮಾಡಿದ್ದು ನನ್ನ ಸಲಾಡ್ ಡೇಸಲ್ಲಿ, ಗ್ರೀನ್ ಇನ್ ಜಡ್ಜ್‌ಮೆಂಟ್ ಆಗಿದ್ದಾಗ, ಆದ್ರೂ ಅದರಲ್ಲಿ ಒಂದು ಪದದ ಬಗ್ಗೆನೂ ನನಗೆ ವಿಷಾದ ಇಲ್ಲ, ಒಂದು ಪದನೂ ವಾಪಸ್ ತಗೊಳಲ್ಲ ಅಂತ.

ನೋಡಿ, ಕ್ಲಿಯೋಪಾತ್ರನೂ ಆಗ ಇಪ್ಪತ್ತೊಂದರ ಆಸುಪಾಸು ಅಂದ್ರಿ, ಈ ರಾಣಿಗೂ 21. ಅವಳು ಆ ವಯಸ್ಸಲ್ಲಿ ಆಡಿದ ಮಾತಿಂದ ಕೈ ತೊಳ್ಕೊಳೋಕೆ ಈ ಪದ ಬಳಸಿದ್ಲು, ಇವರು ಆ ವಯಸ್ಸಲ್ಲಿ ಕೊಟ್ಟ ಮಾತಿಗೆ ಇನ್ನೂ ಬದ್ಧಳು ಅನ್ನೋಕೆ ಅದೇ ಪದ ಬಳಸಿದ್ರು. ಆ ಸಭೇಲಿ ಕೂತು ನಾಟಕ ಬಲ್ಲವರಿಗೆ ಆ ವ್ಯತ್ಯಾಸ ಕಿವಿಗೆ ಬಿದ್ದೇ ಇರುತ್ತೆ. ಅದಕ್ಕೇ ನನಗೆ ಅನ್ಸೋದು, ಸಲಾಡ್ ಡೇಸ್ ಅಂದಾಕ್ಷಣ ಅವಮಾನ ಅಂತ ಹೆದರಬೇಕಿಲ್ಲ, ಆದ್ರೆ ಮೇಷ್ಟ್ರು ಅಂದಂಗೆ ರಾಣಿನೂ ಅದನ್ನ ತಮ್ಮ ಬಗ್ಗೆ ತಾವೇ ಹೇಳ್ಕೊಂಡಿದ್ದು, ಬೇರೆಯವರ ಬಗ್ಗೆ ಅಲ್ಲ.

ಇಲ್ಲಿ ದಿನನಿತ್ಯದ ಮಾತಲ್ಲಿ ನಾನು ಕೇಳಿರೋದು ಹೆಚ್ಚಾಗಿ ವಯಸ್ಸಾದವರ ಬಾಯಲ್ಲಿ, ಇನ್ ಮೈ ಸಲಾಡ್ ಡೇಸ್ ಅಂತ ಶುರು ಮಾಡಿ ಮೊದಲ ಕೆಲಸ, ಮೊದಲ ಬಾಡಿಗೆ ರೂಮು ಅಂತ ಕಥೆ ಹೇಳ್ತಾರೆ. ನನ್ನ ಆಫೀಸಿನ ಚಿಕ್ಕ ವಯಸ್ಸಿನವರು ಇದನ್ನ ಬಳಸಿದ್ದು ಕೇಳಿಲ್ಲ, ಸ್ವಲ್ಪ ಹಳೇ ಕಾಲದ ವಾಸನೆ ಇರೋ ಮಾತು ಇದು.

ಡಲ್ಲಾಸ್ ಅಕ್ಕ

ನಾನು ಸ್ವಲ್ಪ ಬೇರೆ ಹೇಳ್ತೀನಿ, ಮೇಷ್ಟ್ರು ತಪ್ಪು ತಿಳ್ಕೋಬೇಡಿ. ಅಮೆರಿಕದಲ್ಲಿ ಈ ಪದನ ಉಚ್ಛ್ರಾಯ ಕಾಲ ಅನ್ನೋ ಅರ್ಥದಲ್ಲೂ ತುಂಬಾ ಜನ ಬಳಸ್ತಾರೆ. ಒಂದು ಬೇಸ್‌ಬಾಲ್ ಟೀಮ್ ಗೆಲ್ತಾನೇ ಇದ್ದ ವರ್ಷಗಳು, ಒಂದು ಊರಿನ ಕಾರ್ಖಾನೆಗಳು ಭರ್ಜರಿಯಾಗಿ ನಡೀತಿದ್ದ ಕಾಲ, ಅದಕ್ಕೆಲ್ಲ ಸಲಾಡ್ ಡೇಸ್ ಅಂತಾರೆ. ಮೆರಿಯಮ್ ವೆಬ್‌ಸ್ಟರ್ ಡಿಕ್ಷನರಿಲೂ ಎರಡೂ ಅರ್ಥ ಕೊಟ್ಟಿದಾರೆ, ಅನುಭವ ಇಲ್ಲದ ಯೌವನ ಅಂತಾನೂ ಇದೆ, ಶುರುವಿನ ಏಳಿಗೆ ಕಾಲ ಅಂತಾನೂ ಇದೆ. ಟೀಚರ್ ಹೇಳಿದ್ರಲ್ಲ ಮೊಮ್ಮಕ್ಕಳು ಇರೋದು ಇಲ್ಲಿ ಅಂತ, ಅವ್ರು ದೊಡ್ಡವರಾಗಿ ಓದಿದ್ರೆ ಅಜ್ಜ ಮಿಂಚಿದ ದಿನಗಳು ಅಂತಾನೇ ಅರ್ಥ ಮಾಡ್ಕೋಬಹುದು. ಭಾಷೆ ನಾಲ್ಕು ನೂರು ವರ್ಷದಲ್ಲಿ ಬದಲಾಗುತ್ತೆ, ಶೇಕ್ಸ್‌ಪಿಯರ್ ಏನಂದ ಅನ್ನೋದೇ ಇವತ್ತಿಗೂ ಕಾನೂನು ಆಗೋಕಾಗಲ್ಲ ಅಂತ ನನ್ನ ಅನಿಸಿಕೆ.

ಶಿವಮೊಗ್ಗದ ಮೇಷ್ಟ್ರು

ತಪ್ಪು ತಿಳ್ಕೊಳೋ ಮಾತೇ ಇಲ್ಲ ತಂಗಿ, ನೀವು ಹೇಳಿದ ಬಳಕೆ ಇರೋದು ನಿಜ, ಡಿಕ್ಷನರಿಗೆ ಹೋಗಿರೋದೂ ನಿಜ. ಆದ್ರೆ ಅದರಿಂದ ಪದ ಇನ್ನೂ ಅಪಾಯಕಾರಿ ಆಯ್ತು ಅಂತ ನನಗನ್ಸುತ್ತೆ. ಒಂದು ಮಾತಿಗೆ ಒಬ್ರು ಏನೂ ಗೊತ್ತಿಲ್ಲದ ಕಾಲ ಅಂತ ತಿಳೀತಾರೆ, ಇನ್ನೊಬ್ರು ಮೆರೆದ ಕಾಲ ಅಂತ ತಿಳೀತಾರೆ ಅಂದ್ರೆ, ಅದನ್ನ ಫ್ರೇಮ್ ಹಾಕಿಸಿ ಗೋಡೆಗೆ ನೇತು ಹಾಕೋ ಕಾಗದದ ಮೇಲೆ ಬರೀಬಾರದು. ಮಾನಪತ್ರ ಓದೋರು ಯಾರೂ ಪಕ್ಕದಲ್ಲಿ ನಿಂತು ವಿವರಣೆ ಕೊಡಲ್ಲ.

ಫೌಲರ್ ಅಂತ ಒಬ್ರಿದ್ರು, ಇಂಗ್ಲಿಷ್ ಬಳಕೆ ಬಗ್ಗೆ ಅವರು 1926ರಲ್ಲಿ ತಂದ ನಿಘಂಟು ನಮ್ಮ ತಲೆಮಾರಿನ ಮೇಷ್ಟ್ರುಗಳಿಗೆಲ್ಲ ಪಂಚಾಂಗ ಇದ್ದಂಗೆ. ಅವರು ಸಲಾಡ್ ಡೇಸ್ ಬಗ್ಗೆ ಆಗಲೇ ಗದರಿಸಿ ಬರೆದಿದಾರೆ. ಯೌವನ ಸೊಪ್ಪಿನ ಥರ ಹಸಿ ಅಂತಲೋ, ಸಲಾಡಿನ ರುಚಿ ಖಡಕ್ಕು, ಹುಡುಗರಿಗೆ ಅಂಥ ರುಚಿ ಇಷ್ಟ ಅಂತಲೋ, ಹಸುಗೂಸಿಗೆ ಹಾಲು ದೊಡ್ಡವರಿಗೆ ಮಾಂಸ ಇದ್ದ ಹಾಗೆ ಹರೆಯಕ್ಕೆ ಸೊಪ್ಪು ಅಂತಲೋ, ಬಳಸೋರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು, ಗೊತ್ತಿಲ್ಲದೆ ಬಳಸೋದಾದ್ರೆ ಅದು ಮನುಷ್ಯರ ಮಾತಲ್ಲ ಗಿಳಿ ಮಾತು ಅಂತ. ಅಷ್ಟು ಕಟುವಾಗಿ ಹೇಳಬೇಕಿರ್ಲಿಲ್ಲ, ನಾಟಕದ ಸಾಲಲ್ಲೇ ಗ್ರೀನ್ ಅಂತ ಸ್ಪಷ್ಟ ಇದೆಯಲ್ಲ, ಇಷ್ಟು ಗೊಂದಲ ಯಾಕೆ ಅಂತ ನನಗನ್ಸುತ್ತೆ. ಆದ್ರೆ ತಿಳಿದು ಬಳಸಿ ಅನ್ನೋ ಅವರ ಕಾಳಜಿನ ನಾನು ಒಪ್ತೀನಿ.

ಇನ್ನು ಗೈಡಲ್ಲಿ "ಸುಖ ಸಂತೋಷದ ದಿನಗಳು" ಅಂತ ಯಾಕೆ ಬಂತು ಅಂದ್ರೆ, ಅದು ಬಹುಶಃ ಹ್ಯಾಲ್ಸಿಯನ್ ಡೇಸ್ ಜೊತೆ ಕಲಸಿಹೋಗಿದೆ. ಆ ಎರಡನ್ನೂ ಅದಲು ಬದಲು ಮಾಡಿದ ಉತ್ತರ ಪತ್ರಿಕೆಗಳನ್ನ ನಾನು ತುಂಬಾ ನೋಡಿದೀನಿ. ಅದು ಗ್ರೀಕರ ಕಥೆ. ಆಲ್ಸಿಯೋನಿ ಅಂತ ಗಾಳಿದೇವರ ಮಗಳು, ಅವಳ ಗಂಡ ಹಡಗು ಮುಳುಗಿ ಸಾಯ್ತಾನೆ, ಅವಳ ದುಃಖ ನೋಡಲಾರದೆ ದೇವತೆಗಳು ಇಬ್ಬರನ್ನೂ ಮಿಂಚುಳ್ಳಿ ಹಕ್ಕಿ ಮಾಡ್ತಾರೆ. ಚಳಿಗಾಲದ ಅತಿ ಚಿಕ್ಕ ಹಗಲಿನ ಹಿಂದೆ ಏಳು ದಿನ ಮುಂದೆ ಏಳು ದಿನ, ಆ ಹಕ್ಕಿ ಮೊಟ್ಟೆಗೆ ಕಾವು ಕೊಡಲಿ ಅಂತ ಸಮುದ್ರದ ಮೇಲೆ ಗಾಳಿ ಬೀಸಲ್ವಂತೆ. ಅದರಿಂದ ನೆಮ್ಮದಿಯ ಕಾಲಕ್ಕೆ ಹ್ಯಾಲ್ಸಿಯನ್ ಡೇಸ್ ಅನ್ನೋದು. ವಯಸ್ಸಿಗೂ ಅದಕ್ಕೂ ಸಂಬಂಧ ಇಲ್ಲ, ಎಪ್ಪತ್ತು ವರ್ಷದವರಿಗೂ ಹ್ಯಾಲ್ಸಿಯನ್ ಡೇಸ್ ಬರಬಹುದು. ಟೀಚರ್ ಅವರ ತಮ್ಮನಿಗೆ ಇದನ್ನ ಖಂಡಿತ ಹೇಳಿ, ಎರಡೂ ಪಕ್ಕ ಪಕ್ಕ ಆಪ್ಷನ್ ಆಗಿ ಬಂದ್ರೆ ಎಡವೋದು ಬೇಡ.

ಎಕ್ಸಾಂ ಮಿತ್ರ

ಮೇಷ್ಟ್ರೇ ಇದು ನನಗೆ ಹೊಸ ವಿಷಯ, ಥ್ಯಾಂಕ್ಸ್. ಹಂಗಾದ್ರೆ ಯೂತ್‌ಫುಲ್ ಡೇಸ್ ಅಂತಾನೂ ಇದ್ದು ಇನ್‌ಎಕ್ಸ್‌ಪೀರಿಯೆನ್ಸ್ ಅಂತಾನೂ ಇದ್ರೆ ಯಾವುದಕ್ಕೆ ಟಿಕ್ ಹಾಕೋದು?

ಶಿವಮೊಗ್ಗದ ಮೇಷ್ಟ್ರು

ಎರಡನ್ನೂ ಸೇರಿಸಿ ಹೇಳಿರೋ ಆಪ್ಷನ್ ಇದ್ರೆ ಅದಕ್ಕೆ. ಇಲ್ಲದಿದ್ರೆ ಯೌವನ ಅನ್ನೋದಕ್ಕೆ, ಯಾಕಂದ್ರೆ ಅನುಭವ ಇಲ್ಲದಿರೋದು ಯಾವ ವಯಸ್ಸಲ್ಲೂ ಇರಬಹುದು, ಐವತ್ತಕ್ಕೆ ಕಾರ್ ಕಲಿಯೋಕೆ ಹೋದವನಿಗೂ ಅನುಭವ ಇರಲ್ಲ, ಅದಕ್ಕೆ ಸಲಾಡ್ ಡೇಸ್ ಅನ್ನಲ್ಲ.

ತುಮಕೂರು ಟೀಚರ್

ಎಲ್ರಿಗೂ ತುಂಬಾ ತುಂಬಾ ಧನ್ಯವಾದ. ನಾನು ಒಂದು ಸಾಲಿನ ಉತ್ತರ ಬರುತ್ತೆ ಅಂದ್ಕೊಂಡಿದ್ದೆ, ಇಷ್ಟೆಲ್ಲ ಕೂತು ಬರೆದಿದೀರಿ. ಕ್ಲಿಯೋಪಾತ್ರ ಬಗ್ಗೆ ಪಾಠದಲ್ಲಿ ಇಸವಿ ಹೇಳಿ ಮುಂದೆ ಹೋಗ್ತಿದ್ದೆ, ಇನ್ಮೇಲೆ ಈ ದೃಶ್ಯನೂ ಮಕ್ಕಳಿಗೆ ಹೇಳ್ತೀನಿ.

ಆ ಸಾಲನ್ನ ತೆಗೀತೀನಿ. ಆದ್ರೆ ಅದರ ಜಾಗಕ್ಕೆ ಏನು ಹಾಕ್ಲಿ? ಕನ್ನಡದ ಮಾನಪತ್ರದಲ್ಲಿ "ತಮ್ಮ ಹರೆಯದ ದಿನಗಳನ್ನು ಈ ಶಾಲೆಗೆ ಧಾರೆ ಎರೆದಿರಿ" ಅಂತ ಬರೆದಿದೀವಿ, ಅದನ್ನ ಇಂಗ್ಲಿಷಿಗೆ ಹೇಗೆ ತರೋದು ಗೊತ್ತಾಗ್ತಿಲ್ಲ. ಸರ್ ಬಂದಾಗ ಶಾಲೆಗೆ ಕಾಂಪೌಂಡ್ ಇರ್ಲಿಲ್ಲ, ಲ್ಯಾಬ್ ಇರ್ಲಿಲ್ಲ, ಸಂಜೆ ಉಳ್ಕೊಂಡು ಹತ್ತನೇ ಕ್ಲಾಸಿನ ಮಕ್ಕಳಿಗೆ ಲಾಟೀನಲ್ಲಿ ಓದಿಸ್ತಿದ್ರಂತೆ. ಊರಿನ ಹಿರಿಯರು ಈಗಲೂ ಅದನ್ನ ಹೇಳ್ತಾರೆ. ಆ ಭಾವನೆ ಬರಬೇಕು.

ಗದಗಿನ ಗೆಳೆಯ

ಟೀಚರ್ರ, ಧಾರೆ ಎರೆದಿರಿ ಅನ್ನೋದು ಭಾಳ ಛಂದ ಐತಿ, ಅದನ್ನ ಹಂಗ ಬಿಡ್ರಿ. ಕನ್ನಡದಾಗ ಹರೆಯ ಅಂದ್ರ ಶಕ್ತಿ ಇದ್ದ ಕಾಲ, ಏನು ಬೇಕಾದ್ರೂ ಮಾಡಬಹುದಿತ್ತು, ಅದನ್ನ ನಮ್ಮ ಮಕ್ಕಳಿಗೆ ಕೊಟ್ರಿ ಅಂದಂಗ ಆಕ್ಕೈತಿ. ಅದರಾಗ ಎಳಸು ಅನ್ನೋ ಮಾತ ಇಲ್ಲ. ಎಳಸು ಬುದ್ಧಿ ಬ್ಯಾರೆ, ಹರೆಯ ಬ್ಯಾರೆ. ಸಲಾಡ್ ಡೇಸ್ ಅಂದ್ರ ಎಳಸು ಬುದ್ಧಿ ಕಡೆ ಹೋಗತೈತಿ ಅಂತ ಮೇಷ್ಟ್ರು ಹೇಳಿದ ಮ್ಯಾಲೆ ನನಗ ಸಾಫ್ ಆತು. ಸರ್ ಸ್ವಂತ ಭಾಷಣಾ ಮಾಡೋವಾಗ ಬೇಕಾದ್ರ ಅವರ ಹೇಳ್ಲಿ, ನಾ ಇಲ್ಲಿ ಬಂದಾಗ ನಂದು ಸಲಾಡ್ ಡೇಸ್ ಇತ್ತು, ಈ ಊರ ಮಂದಿ ನನ್ನ ತಿದ್ದಿದ್ರು ಅಂತ. ಅವರ ಬಾಯಾಗ ಅದು ದೊಡ್ಡ ಮಾತ ಆಕ್ಕೈತಿ.

ಶಿವಮೊಗ್ಗದ ಮೇಷ್ಟ್ರು

ಗದಗಿನವರು ಹೇಳಿದ್ದಕ್ಕೆ ನನ್ನದು ಪೂರ್ತಿ ಒಪ್ಪಿಗೆ. ಟೀಚರ್ ಅವರೇ, "ಹೀ ಗೇವ್ ದಿ ಬೆಸ್ಟ್ ಇಯರ್ಸ್ ಆಫ್ ಹಿಸ್ ಯೂತ್ ಟು ದಿಸ್ ಸ್ಕೂಲ್" ಅಂತ ಬರೀರಿ. ಗೇವ್ ಅನ್ನೋ ಪದದಲ್ಲಿ ಧಾರೆ ಎರೆದ ಅರ್ಥ ಸ್ವಲ್ಪ ಮಟ್ಟಿಗೆ ಬರುತ್ತೆ, ಸ್ಪೆಂಟ್ ಅಂದ್ರೆ ಸುಮ್ಮನೆ ದಿನ ಕಳೆದಂಗೆ ಕೇಳುತ್ತೆ. ಅದರ ಹಿಂದೆನೇ ಲಾಟೀನು ಬೆಳಕಲ್ಲಿ ಪಾಠ ಮಾಡಿದ್ದನ್ನ ಒಂದು ವಾಕ್ಯದಲ್ಲಿ ಹಾಕಿ, ಇಸವಿ ಗೊತ್ತಿದ್ರೆ ಇಸವಿ ಸಮೇತ. ಮೊಮ್ಮಕ್ಕಳಿಗೆ ಯಾವ ನುಡಿಗಟ್ಟಿಗಿಂತ ಅದೇ ಹೆಚ್ಚು ಅರ್ಥ ಆಗುತ್ತೆ.

ಡಲ್ಲಾಸ್ ಅಕ್ಕ

ಇದು ನನಗೂ ಸರಿ ಅನ್ನಿಸ್ತು. ಇಲ್ಲಿ ಬೆಳೆಯೋ ಮಕ್ಕಳಿಗೆ ಲಾಟೀನು ಅಂದ್ರೂ ಗೊತ್ತಿರಲ್ಲ, ಕೆರೋಸಿನ್ ಲ್ಯಾಂಟರ್ನ್ ಅಂತ ಬರೀರಿ, ಆಗ ಕೇಳ್ತಾರೆ, ಯಾಕೆ ಕರೆಂಟ್ ಇರ್ಲಿಲ್ವಾ ಅಂತ, ಅಪ್ಪ ಅಮ್ಮ ಕೂತು ಹೇಳೋಕೆ ಒಂದು ಕಾರಣ ಸಿಗುತ್ತೆ.

ಹೊಸ ಇಂಜಿನಿಯರ್

ತಡವಾಗಿ ಬಂದೆ, ಒಂದು ಸಣ್ಣ ಡೌಟು. ನನಗೆ 23 ವರ್ಷ, ಈಗ ಇಂಟರ್‌ವ್ಯೂಗಳಿಗೆ ಹೋಗ್ತಿದೀನಿ. ಕಾಲೇಜ್ ಮೊದಲ ವರ್ಷದ ಪ್ರಾಜೆಕ್ಟ್ ಬಗ್ಗೆ ಹೇಳೋವಾಗ "ಇನ್ ಮೈ ಸಲಾಡ್ ಡೇಸ್" ಅನ್ನಬಹುದಾ? ಸ್ವಲ್ಪ ಒಳ್ಳೇ ಇಂಗ್ಲಿಷ್ ಅನ್ಸುತ್ತೆ ಅಂತ ಕೇಳಿದೆ. ಮತ್ತೆ "ಐ ಆಮ್ ಇನ್ ಮೈ ಸಲಾಡ್ ಡೇಸ್" ಅಂತ ಈಗಿನ ಬಗ್ಗೆ?

ಮ್ಯಾಂಚೆಸ್ಟರ್ ಕನ್ನಡಿಗ

ಬೇಡ ತಮ್ಮ. ಎದುರಿಗೆ ಕೂತವರ ಕಣ್ಣಲ್ಲಿ ನೀನು ಇನ್ನೂ ಆ ವಯಸ್ಸಲ್ಲೇ ಇದೀಯ, ಐದು ವರ್ಷದ ಹಿಂದಿನದಕ್ಕೆ ಹಂಗಂದ್ರೆ ಹೊಂದಲ್ಲ. ಈ ಮಾತಿಗೆ ನಡುವೆ ತುಂಬಾ ವರ್ಷ ಕಳೆದಿರಬೇಕು. "ಐ ಆಮ್ ಇನ್" ಅಂತ ವರ್ತಮಾನದಲ್ಲಂತೂ ಸಹಜವಾಗಿ ಕೇಳಲ್ಲ, ನನ್ನ ಬುದ್ಧಿ ಈಗ ಬಲಿತಿಲ್ಲ ಅಂತ ಕೆಲಸ ಕೊಡೋರ ಮುಂದೆ ಹೇಳಿದಂಗೂ ಆಗುತ್ತೆ. "ವೆನ್ ಐ ವಾಸ್ ಸ್ಟಿಲ್ ಲರ್ನಿಂಗ್" ಅನ್ನು, ಸರಳವಾಗಿದೆ, ಅರ್ಥನೂ ಸರಿ ಇದೆ. ಇನ್ನೊಂದು, ಬರೆಯೋವಾಗ ಯಾವಾಗ್ಲೂ ಡೇಸ್ ಅಂತ ಬಹುವಚನ, ಸಲಾಡ್ ಡೇ ಅಂತ ಒಂದು ದಿನಕ್ಕೆ ಈ ಅರ್ಥದಲ್ಲಿ ಬಳಸಲ್ಲ.

ಹೊಸ ಇಂಜಿನಿಯರ್

ಸರಿ ಅಣ್ಣ, ಥ್ಯಾಂಕ್ಸ್. ಸ್ಟಿಲ್ ಲರ್ನಿಂಗ್ ಅಂತಾನೇ ಹೇಳ್ತೀನಿ.

ತುಮಕೂರು ಟೀಚರ್

ಮಾನಪತ್ರದ ಇಂಗ್ಲಿಷ್ ಪ್ರತಿ ಮುಗೀತು. ಮೇಷ್ಟ್ರು ಹೇಳಿದ ಸಾಲು, ಡಲ್ಲಾಸ್ ಅಕ್ಕ ಹೇಳಿದ ಕೆರೋಸಿನ್ ಲ್ಯಾಂಟರ್ನ್ ಎರಡೂ ಹಾಕಿದೀನಿ. ಸಾಲು ಬರೆದುಕೊಟ್ಟಿದ್ದ ಸಹೋದ್ಯೋಗಿಗೂ ಇಲ್ಲಿನ ಮಾತೆಲ್ಲ ತೋರಿಸಿದೆ, ಅವರೂ ಖುಷಿಯಿಂದ ಒಪ್ಕೊಂಡ್ರು. ನಾಳೆ ಪ್ರಿಂಟಿಗೆ ಕೊಡ್ತಿದೀವಿ.